ಕೈ ನಿಧಾನ ಅಲ್ಲ, ಟೌನ್ ಸೆಂಟರ್ ಸುಮ್ಮನೆ ಕೂತಿದೆ

ಪ್ರಶ್ನೆ: ಸರ್, ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಾಗ ಲೆಕ್ಕ ನೋಡ್ಕೋತೀನಿ. ವಯಸ್ಸು 38. ಬಳ್ಳಾರಿಯಾಗ ಇಂಜಿನಿಯರಿಂಗ್ ಓದೋ ನಮ್ಮ ಅಕ್ಕನ ಮಗ ದಸರಾ ಸೂಟಿಗೆ ಬಂದಾಗ ನನ್ನ ಲ್ಯಾಪ್‌ಟಾಪಿನಾಗ ಏಜ್ ಆಫ್ ಎಂಪೈರ್ಸ್ 2, ಡೆಫಿನಿಟಿವ್ ಎಡಿಷನ್ ಅನ್ನೋ ಊರು ಕಟ್ಟಿ ಕಾದಾಡೋ ಕಂಪ್ಯೂಟರ್ ಆಟ ಹಾಕಿಕೊಟ್ಟು ಹೋದ. ಹುಚ್ಚು ಹಿಡಿದಂಗ ಆಗೇತಿ. ಆದ್ರ ಅವನ ಜೋಡಿ ಆಡಿದ್ರ ಹದಿನೈದನೇ ನಿಮಿಷಕ್ಕ ಕುದುರಿ ಮ್ಯಾಲ ಬಂದು ಊರಿಗೆ ಊರೇ ಖಾಲಿ ಮಾಡ್ತಾನ. ಕಂಪ್ಯೂಟರ್ ಜೋಡಿ ಆಡಿದ್ರೂ ಅದ ಹಣೆಬರಹ. ಹೋದ ಆಟದಾಗ ದಾಳಿ ಬರೂಕ ಮುಂಚೆ ಬರೆದಿಟ್ಕೊಂಡೀನಿ: 15ನೇ ನಿಮಿಷ, ಆಗಷ್ಟೇ ಫ್ಯೂಡಲ್ ಏಜ್ (ಆಟದ ಎರಡನೇ ಯುಗ), ವಿಲೇಜರ್ (ದುಡಿಯೋ ಆಳು) 17, ಕಟ್ಟಿಗಿ 1,140, ಬಂಗಾರ 620, ಆಹಾರ 45. 'ಮಾಮಾ, ನಿನ್ನ ಕೈ ಬಾಳ ಸ್ಲೋ' ಅಂತಾನ. ಖರೇನ? ಯೂಟ್ಯೂಬಿನಾಗ ತೋರಿಸೋ ಬಿಲ್ಡ್ ಆರ್ಡರ್ (ಯಾವುದಾದ ಮ್ಯಾಲ ಯಾವುದು ಅನ್ನೋ ಪಟ್ಟಿ) ಬಾಯಿಪಾಠ ಮಾಡಬೇಕಾ? ಸಂಕ್ರಾಂತಿಗೆ ಮತ್ತ ಬರ್ತಾನ, ಅಷ್ಟರಾಗ ಒಮ್ಮೆ ಸೋಲಿಸಬೇಕು. ನಮ್ಮನಿಯಾಕಿ ಬ್ಯಾರೆ ಇದನ್ನ ರಮ್ಮಿ ಆಟ ಅನ್ಕೊಂಡು ಮಾತು ಬಿಟ್ಟಾಳ.
— ಹೆಸರು ಬೇಡ ಎಂದ ಓದುಗರು, ಸಿಂಧನೂರು

ಉತ್ತರ: ಆಟದಲ್ಲಿ ಸೋತವರು ನನ್ನ ಹತ್ತಿರ ಬಂದರೆ ಸಾಮಾನ್ಯವಾಗಿ 'ಅವನು ಸಿಕ್ಕಾಪಟ್ಟೆ ಫಾಸ್ಟ್ ಸರ್' ಎಂದಷ್ಟೇ ಹೇಳುತ್ತಾರೆ. ನೀವು ಲೆಕ್ಕದವರು, ಲೆಕ್ಕ ತಂದಿದ್ದೀರಿ. ಆ ನಾಲ್ಕು ಅಂಕಿಗಳಲ್ಲೇ ನಿಮ್ಮ ಸೋಲಿನ ಕಾರಣ ಪೂರ್ತಿ ಇದೆ. ನಿಮ್ಮ ಅಳಿಯ ಹೇಳಿದ್ದು ಮಾತ್ರ ಅದರಲ್ಲಿ ಇಲ್ಲ.

ವಿಲೇಜರ್‌ಗಳು ಹುಟ್ಟುವುದು ಊರ ನಡುವಿನ ಟೌನ್ ಸೆಂಟರ್ ಎಂಬ ಕಟ್ಟಡದಲ್ಲಿ, ಒಬ್ಬೊಬ್ಬರಾಗಿ. ಒಬ್ಬನಿಗೆ 50 ಆಹಾರ, 25 ಸೆಕೆಂಡ್. 15 ನಿಮಿಷ ಎಂದರೆ 900 ಸೆಕೆಂಡ್. ಫ್ಯೂಡಲ್ ಏಜ್‌ಗೆ ಏರುವ 130 ಸೆಕೆಂಡ್ ಟೌನ್ ಸೆಂಟರ್ ಬೇರೇನೂ ಮಾಡಲಾರದು, ಅದನ್ನು ಕಳೆಯಿರಿ. ವಿಲೇಜರ್‌ಗಳನ್ನು ಗಟ್ಟಿ ಮಾಡುವ ಲೂಮ್ ಎಂಬ ಸುಧಾರಣೆಯೂ ಅಲ್ಲೇ ಆಗಬೇಕು, ಅದಕ್ಕೆ 25, ಅದನ್ನೂ ಕಳೆಯಿರಿ. ಉಳಿದದ್ದು 745. ಅಷ್ಟರಲ್ಲಿ 29 ಜನ ಹೊರಬರಬೇಕಿತ್ತು, ಶುರುವಿನಲ್ಲಿ ಸಿಗುವ ಮೂವರನ್ನು ಸೇರಿಸಿದರೆ 32. ನಿಮ್ಮಲ್ಲಿ ಇದ್ದದ್ದು 17. ದಾಳಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಯಾರೂ ಸತ್ತಿಲ್ಲ, ಹುಟ್ಟಲೇ ಇಲ್ಲ. 15 ಜನರ ಕೊರತೆ, ತಲಾ 25 ಸೆಕೆಂಡ್, ಒಟ್ಟು 375. ಅಂದರೆ ಆ ಆಟದಲ್ಲಿ ನಿಮ್ಮ ಟೌನ್ ಸೆಂಟರ್ ಆರು ನಿಮಿಷಕ್ಕೂ ಮೇಲೆ ಸುಮ್ಮನೆ ಕೂತಿತ್ತು. ಅಳಿಯ ಕುದುರೆ ತರುವ ಮೊದಲೇ ಆಟ ಮುಗಿದಿತ್ತು. ಅವನು ಬಂದದ್ದು ಮಹಜರು ಮಾಡಲಿಕ್ಕೆ.

(ಈ ಸೆಕೆಂಡುಗಳೆಲ್ಲ ಆಟದ ಗಡಿಯಾರದವು. ಡೆಫಿನಿಟಿವ್ ಎಡಿಷನ್‌ನಲ್ಲಿ 'ನಾರ್ಮಲ್' ಎಂದಿರುವ ವೇಗ ನಿಜವಾಗಿ 1.7 ಪಟ್ಟು ಓಡುತ್ತದೆ. ಗೋಡೆ ಗಡಿಯಾರದಲ್ಲಿ ಒಬ್ಬ ವಿಲೇಜರ್‌ಗೆ 15 ಸೆಕೆಂಡೂ ಹಿಡಿಯುವುದಿಲ್ಲ.)

ಹದಿನೈದು ಜನ ಕಮ್ಮಿ ಎಂದರೆ ಬರೀ ಹದಿನೈದು ಅಲ್ಲ. ಒಬ್ಬ ವಿಲೇಜರ್ ನಡೆದಾಟ ಎಲ್ಲ ಕಳೆದು ನಿಮಿಷಕ್ಕೆ ಸುಮಾರು 20 ಸಾಮಾನು ತರುತ್ತಾನೆ. ನಾಲ್ಕನೇ ನಿಮಿಷಕ್ಕೆ ಹುಟ್ಟಬೇಕಾದವನು ಹುಟ್ಟದಿದ್ದರೆ ಹದಿನೈದನೇ ನಿಮಿಷದ ಹೊತ್ತಿಗೆ 200ಕ್ಕೂ ಹೆಚ್ಚು ಕೈತಪ್ಪಿರುತ್ತದೆ. ಬಡ್ಡಿ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ.

ಈಗ ಟೌನ್ ಸೆಂಟರ್ ಯಾಕೆ ನಿಂತಿತು ಎಂಬುದಕ್ಕೆ ಬನ್ನಿ. ಆಹಾರ 45 ಎಂದು ಬರೆದಿದ್ದೀರಿ. ವಿಲೇಜರ್‌ಗೆ 50 ಬೇಕು. ಐದು ಕಮ್ಮಿ ಬಿದ್ದು ಕಾರ್ಖಾನೆ ಬಂದ್! ಅದೇ ಹೊತ್ತಿಗೆ ಕಟ್ಟಿಗೆ 1,140 ರಾಶಿ ಬಿದ್ದಿದೆ. ಒಂದು ಫಾರ್ಮ್‌ಗೆ 60 ಕಟ್ಟಿಗೆ. 1,140 ಎಂದರೆ ಸರಿಯಾಗಿ 19 ಫಾರ್ಮ್. ಅಷ್ಟು ಬೇಡ, ಎಂಟು ಫಾರ್ಮ್ ಹಾಕಿದ್ದರೂ ಆಹಾರ ನಿಲ್ಲುತ್ತಿರಲಿಲ್ಲ. ಬಂಗಾರ 620 ಇನ್ನೂ ದೊಡ್ಡ ತಪ್ಪು. ಆಟ ಶುರುವಾಗುವಾಗಲೇ 100 ಬಂಗಾರ ಕೈಯಲ್ಲಿರುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಅದರಿಂದ ಆಗಬೇಕಾದದ್ದು ಲೂಮ್ ಒಂದೇ, ಅದಕ್ಕೆ 50. ಉಳಿದದ್ದನ್ನು ಅಗೆದು ತಂದ ಮೂರ್ನಾಲ್ಕು ಜನ ಹಣ್ಣಿನ ಗಿಡದ ಹತ್ತಿರ ಇರಬೇಕಾದವರು.

ಟಿಬಿ ಡ್ಯಾಂ ತುಂಬಿ ತುಳುಕಿ, ಎಡದಂಡೆ ಕಾಲುವೆಗೆ ನೀರು ಬಿಡದಿದ್ದರೆ ಸಿಂಧನೂರಿನ ಗದ್ದೆಗೆ ಬಂದ ಭಾಗ್ಯ ಏನು? ಪರದೆಯ ಮೇಲ್ತುದಿಯಲ್ಲಿ ಬೆಳೆಯುತ್ತಿರುವ ಅಂಕಿ ನೋಡಿ ಖುಷಿಪಡುವ ಚಟ ಹೊಸಬರಿಗೆಲ್ಲ ಇದೆ, ಉಳಿತಾಯ ಖಾತೆ ನೋಡಿದ ಹಾಗೆ. ಈ ಆಟದಲ್ಲಿ ಉಳಿತಾಯಕ್ಕೆ ಬಡ್ಡಿ ಇಲ್ಲ. ಖರ್ಚಾದದ್ದಕ್ಕಷ್ಟೇ ಬಡ್ಡಿ.

ಹಾಗಾದರೆ ಎಷ್ಟು ಆಹಾರ ಬೇಕು, ಎಷ್ಟಿದೆ? 'ಅರೇಬಿಯಾ' ನಕ್ಷೆಯನ್ನೇ ತೆಗೆದುಕೊಳ್ಳೋಣ, ಕಲಿಯಲು ಅದೇ ಸಾಕು. ಶುರುವಿನಲ್ಲಿ ಕೈಯಲ್ಲಿ 200 ಆಹಾರ. ನಿಮ್ಮ ಪಾಲಿಗೆ ಎಂಟು ಕುರಿ, ತಲಾ 100. ಎರಡು ಕಾಡುಹಂದಿ, ತಲಾ 340. ಆರು ಹಣ್ಣಿನ ಗಿಡ, ತಲಾ 125. ಕೂಡಿದರೆ 2,430. ಖರ್ಚಿನ ಕಡೆ 29 ವಿಲೇಜರ್‌ಗೆ 1,450, ಫ್ಯೂಡಲ್‌ಗೆ 500, ಒಟ್ಟು 1,950. ಲೆಕ್ಕ ಕೂಡುತ್ತದೆ, ಸ್ವಲ್ಪ ಮಿಗುತ್ತದೆ ಕೂಡ. ಆ ಮಿಕ್ಕದ್ದರಲ್ಲಿ ಒಂದಿಷ್ಟು ಕೊಳೆತು ಹೋಗುತ್ತದೆ: ಕಡಿದ ಕುರಿ ಇಟ್ಟಷ್ಟು ಹೊತ್ತು ಕರಗುತ್ತಾ ಹೋಗುತ್ತದೆ. ಅದಕ್ಕೇ ಒಂದು ಮುಗಿದ ಮೇಲೆ ಇನ್ನೊಂದು ಕಡಿಯಬೇಕು, ಎಲ್ಲವನ್ನೂ ಒಟ್ಟಿಗೆ ಅಲ್ಲ. ಇದರ ನಂತರ ಒಂದಿಷ್ಟು ಜಿಂಕೆ ಬಿಟ್ಟರೆ ಪುಕ್ಕಟೆ ಆಹಾರ ಇಲ್ಲ, ಫಾರ್ಮೇ ಗತಿ. ನಿಮ್ಮ 45 ಬಂದದ್ದು ಈ ತಿರುವಿನಲ್ಲೇ ಎಂಬುದು ನನ್ನ ಅಂದಾಜು. ಕುರಿ ಮುಗಿದವು, ಹಂದಿ ಮುಟ್ಟಲು ಹೆದರಿದಿರಿ, ಫಾರ್ಮ್ ಹಾಕುವುದು ನೆನಪಾಗಲಿಲ್ಲ.

ಹಂದಿಗೆ ಹೆದರುವುದು ತಪ್ಪೇನಲ್ಲ. ಸಾದಾ ವಿಲೇಜರ್‌ಗೆ 25 ಜೀವಾಂಕ, ಲೂಮ್ ಮಾಡಿದರೆ 40. ಮೊದಲು ಲೂಮ್ ಮಾಡಿ, ಒಬ್ಬನನ್ನು ಕಳಿಸಿ ಬಾಣ ಬಿಡಿಸಿ, ಹಂದಿ ತಿರುಗಿ ಬಿದ್ದ ತಕ್ಷಣ ಟೌನ್ ಸೆಂಟರ್ ಕಡೆಗೆ ಓಡಿಸಿ. ಕುರಿ ಹತ್ತಿರ ಇರುವ ಅಷ್ಟೂ ಜನ ಸೇರಿ ಅಲ್ಲೇ ಮುಗಿಸಲಿ. ಒಂದೆರಡು ಆಟದಲ್ಲಿ ಒಬ್ಬಿಬ್ಬರು ಸಾಯುತ್ತಾರೆ, ಸಾಯಲಿ. 340 ಆಹಾರ ಎಂದರೆ ಆರು ವಿಲೇಜರ್‌ಗಳ ಬೆಲೆ.

ಮೊದಲ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಹೊಸಬರ ಆಟ ಅಲ್ಲೇ ಮುಗ್ಗರಿಸುತ್ತದೆ. ಆಟ ತೆರೆದಾಗ ನಿಮ್ಮಲ್ಲಿ ಮೂವರು ವಿಲೇಜರ್, ಒಬ್ಬ ಸ್ಕೌಟ್ (ಸುತ್ತಮುತ್ತ ನೋಡಿ ಬರುವ ಕುದುರೆ ಸವಾರ). ಒಟ್ಟು ನಾಲ್ಕು. ಟೌನ್ ಸೆಂಟರ್‌ನಲ್ಲಿ ಜಾಗ ಇರುವುದು ಐದು ಜನಕ್ಕೆ. ಅಂದರೆ ಒಬ್ಬನೇ ಹೊಸಬ ಹುಟ್ಟಬಹುದು. ಎರಡನೆಯವನ ಕೆಲಸ ಶುರುವಾಗಬೇಕಾದರೆ 25ನೇ ಸೆಕೆಂಡಿನ ಹೊತ್ತಿಗೆ ಒಂದು ಮನೆ ಎದ್ದು ನಿಂತಿರಬೇಕು. ಆದ್ದರಿಂದ ಮೊದಲ ಕ್ಷಣದಲ್ಲಿ ಮಾಡುವುದು ಮೂರೇ ಕೆಲಸ. ಎಚ್ ಕೀಲಿ ಒತ್ತಿ ಟೌನ್ ಸೆಂಟರ್ ಹಿಡಿದು ಕ್ಯೂ ಒತ್ತಿ ವಿಲೇಜರ್ ಹಾಕಿ. ಇಬ್ಬರು ವಿಲೇಜರ್ ಹಿಡಿದು ಒಂದು ಮನೆ ಕಟ್ಟಿಸಿ, ಮೂರನೆಯವನಿಂದ ಇನ್ನೊಂದು. ಸ್ಕೌಟ್ ಅನ್ನು ಸುತ್ತ ಓಡಿಸಿ ಕುರಿ ಹುಡುಕಿ. ಟೌನ್ ಸೆಂಟರ್ ಹಿಡಿದೇ ಕುರಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಹುಟ್ಟಿದವರು ತಾವೇ ಅಲ್ಲಿಗೆ ಹೋಗುತ್ತಾರೆ, ಹೊರಬಂದು ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡುವುದಿಲ್ಲ.

ಆಮೇಲೆ ಮೊದಲ ಆರು ಜನ ಕುರಿಗೆ, ಮುಂದಿನ ನಾಲ್ವರು ಕಟ್ಟಿಗೆಗೆ, ಅನಂತರ ಒಬ್ಬ ಹಂದಿ ತರಲು, ಆಮೇಲಿನ ನಾಲ್ವರು ಮಿಲ್ ಕಟ್ಟಿ ಹಣ್ಣಿಗೆ. ಕಡಿದ ಕಟ್ಟಿಗೆ ತಂದು ಹಾಕುವ ಲಂಬರ್ ಕ್ಯಾಂಪ್ ಮರಕ್ಕೆ ತಾಗಿ ಇರಲಿ. ನಾಲ್ಕು ಹೆಜ್ಜೆ ದೂರ ಕಟ್ಟಿದರೆ ನಾಲ್ವರೂ ದಿನವಿಡೀ ಆ ನಾಲ್ಕು ಹೆಜ್ಜೆ ಹೊರುತ್ತಾರೆ. ಮರ ಕಡಿಯುತ್ತಾ ಕಾಡು ಹಿಂದೆ ಸರಿದರೆ 100 ಕಟ್ಟಿಗೆ ಕೊಟ್ಟು ಹೊಸ ಕ್ಯಾಂಪ್ ಹಾಕಿ, ಜಿಪುಣತನ ಬೇಡ.

ಇಷ್ಟೇ ನಿಮ್ಮ ಬಿಲ್ಡ್ ಆರ್ಡರ್. ಯೂಟ್ಯೂಬ್‌ನ ಪಟ್ಟಿಗಳನ್ನು ಬಾಯಿಪಾಠ ಮಾಡಬೇಕಾ ಎಂದು ಕೇಳಿದಿರಿ. ಈಗ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪಟ್ಟಿಗಳು 21 ಅಥವಾ 22 ಜನಕ್ಕೇ ಫ್ಯೂಡಲ್ ಒತ್ತುವವರಿಗೆ ಮಾಡಿದವು. ಒಂದು ಹೆಜ್ಜೆ ತಡವಾದರೂ ಮುಂದಿನದೆಲ್ಲ ಜಾರುತ್ತದೆ, ಜಾರಿದಾಗ ಏನು ಮಾಡಬೇಕೆಂದು ಪಟ್ಟಿ ಹೇಳುವುದಿಲ್ಲ. ಬಳ್ಳಾರಿಯಲ್ಲಿ ನಾನು ಹೇಳಿಕೊಡುವ ಹುಡುಗರಲ್ಲಿ ಪಟ್ಟಿಯಿಂದ ಶುರು ಮಾಡಿದವರು ಎಂಟನೇ ನಿಮಿಷದವರೆಗೆ ಪಂಟರು. ಒಂಬತ್ತನೇ ನಿಮಿಷಕ್ಕೆ ಕಣ್ಣು ಕಣ್ಣು ಬಿಡುತ್ತಾರೆ. ನೀವು 28ರಿಂದ 30 ಜನ ಆದ ಮೇಲೆ ನಿಧಾನವಾಗಿ ಫ್ಯೂಡಲ್ ಒತ್ತಿ, ಪರವಾಗಿಲ್ಲ. ಹನ್ನೊಂದು ಹನ್ನೆರಡನೇ ನಿಮಿಷಕ್ಕೆ ಒತ್ತಿದಂತಾಗುತ್ತದೆ. ಟೌನ್ ಸೆಂಟರ್ ನಿಲ್ಲದಿರುವುದು ಮುಖ್ಯ.

ಇನ್ನು ಕೈವೇಗ. ವೃತ್ತಿಪರ ಆಟಗಾರರು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಒತ್ತುತ್ತಾರೆ ಎಂಬುದು ಸುಳ್ಳಲ್ಲ. ಇದೇ ಜಾತಿಯ ಸ್ಟಾರ್‌ಕ್ರಾಫ್ಟ್ ಆಟ 1998ರಲ್ಲಿ ಬಂದಾಗಿನಿಂದ ದಕ್ಷಿಣ ಕೊರಿಯಾದವರು ಅದನ್ನು ಒಂದು ವಿದ್ಯೆಯನ್ನಾಗಿಯೇ ಮಾಡಿಕೊಂಡರು. ಆದರೆ ಅವರ ಮೊದಲ ಎರಡು ನಿಮಿಷದ ಒತ್ತುವಿಕೆಯಲ್ಲಿ ಬಹುಪಾಲು ಬೆರಳು ಬಿಸಿ ಮಾಡಿಕೊಳ್ಳಲು ಸುಮ್ಮನೆ ಒತ್ತಿದ್ದು. ಇನ್ನೊಂದು ಸಂಗತಿ. ಡೀಪ್‌ಮೈಂಡ್ ಎಂಬ ಕೃತಕ ಬುದ್ಧಿಮತ್ತೆಯ ಕಂಪನಿಯವರು ಸ್ಟಾರ್‌ಕ್ರಾಫ್ಟ್ 2 ಆಡಲು ಆಲ್ಫಾಸ್ಟಾರ್ ಎಂಬ ಪ್ರೋಗ್ರಾಂ ಮಾಡಿದ್ದರು. 2019ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅದರ ಒತ್ತುವ ವೇಗಕ್ಕೆ ಮನುಷ್ಯರ ಮಟ್ಟದ ಮಿತಿ ಹಾಕಿದ್ದರು. ಯಂತ್ರಕ್ಕೆ ಸಾವಿರಗಟ್ಟಲೆ ಒತ್ತುವ ಶಕ್ತಿ ಇದ್ದರೂ ಕೊಡಲಿಲ್ಲ. ಆದರೂ ಅದು ಶ್ರೇಯಾಂಕ ಪಡೆದ ಆಟಗಾರರಲ್ಲಿ 99.8 ಶೇಕಡಾ ಜನರಿಗಿಂತ ಮೇಲೆ ಹೋಯಿತು. ಏನು ಒತ್ತಬೇಕೆಂದು ಗೊತ್ತಿದ್ದರೆ ಎಷ್ಟು ಒತ್ತಬೇಕೆಂಬುದು ಎರಡನೇ ಮಾತು.

ಅದಕ್ಕಿಂತ ಹೆಚ್ಚಾಗಿ, ನೀವು ಟ್ಯಾಲಿ ಬಳಸುವವರು. ಎಫ್5 ಎಂದರೆ ಪೇಮೆಂಟ್, ಎಫ್8 ಎಂದರೆ ಸೇಲ್ಸ್ ಎಂದು ಬೆರಳಿಗೆ ಗೊತ್ತು, ಮೌಸ್ ಮುಟ್ಟುವುದೇ ಇಲ್ಲ. ಸುಗ್ಗಿಯಲ್ಲಿ ಲಾರಿ ಸಾಲು ನಿಂತಾಗ ವೋಚರ್ ಹಾಕುವ ನಿಮ್ಮ ಕೈ ನಿಧಾನ ಎಂದರೆ ನಾನು ನಂಬುವುದಿಲ್ಲ. ಆಟಕ್ಕೆ ಬಂದಾಗ ಮಾತ್ರ ಎಲ್ಲವನ್ನೂ ಮೌಸ್‌ನಲ್ಲಿ ಹುಡುಕಿ ಒತ್ತುತ್ತಿದ್ದೀರಿ, ಅಷ್ಟೇ. ಕಲಿಯಬೇಕಾದ ಕೀಲಿಗಳು ಮೊದಲ ವಾರಕ್ಕೆ ಬೆರಳೆಣಿಕೆಯಷ್ಟು. ಎಚ್ ಟೌನ್ ಸೆಂಟರ್‌ಗೆ, ಕ್ಯೂ ವಿಲೇಜರ್‌ಗೆ. ವಿಲೇಜರ್ ಹಿಡಿದಾಗ ಕ್ಯೂ, ಮತ್ತೆ ಕ್ಯೂ ಒತ್ತಿದರೆ ಮನೆ. ಚುಕ್ಕೆ ಕೀಲಿ ಒತ್ತಿದರೆ ಕೆಲಸವಿಲ್ಲದೆ ನಿಂತಿರುವ ವಿಲೇಜರ್ ಸಿಗುತ್ತಾನೆ. ಶಿಫ್ಟ್ ಹಿಡಿದು ಕೆಲಸಗಳನ್ನು ಸಾಲಾಗಿ ಕೊಡಬಹುದು: ಮನೆ ಕಟ್ಟು, ಆಮೇಲೆ ಕಟ್ಟಿಗೆ ಕಡಿ. ಅಳಿಯ ಕೀಲಿಗಳನ್ನು ಬದಲಿಸಿಟ್ಟಿದ್ದರೆ ಸೆಟ್ಟಿಂಗ್‌ನಲ್ಲಿ ಹಾಟ್‌ಕೀ ಪುಟ ನೋಡಿ ಮೂಲಕ್ಕೆ ತನ್ನಿ.

ಈ ಕೀಲಿಗಳಿಂದ ಒಂದು ಸುತ್ತು ಕಟ್ಟಿಕೊಳ್ಳಿ. ಟೌನ್ ಸೆಂಟರ್‌ನಲ್ಲಿ ಕೆಲಸ ಇದೆಯಾ? ಸುಮ್ಮನೆ ನಿಂತವರು ಇದ್ದಾರಾ? ಮನೆಗಳಲ್ಲಿ ಇನ್ನೂ ಜನಕ್ಕೆ ಜಾಗ ಉಳಿದಿದೆಯಾ? ಯಾವ ರಾಶಿ ಬೆಳೆದಿದೆ? ಮತ್ತೆ ಟೌನ್ ಸೆಂಟರ್. ಬಾಯಲ್ಲಿ ಹೇಳಿಕೊಂಡೇ ಆಡಿ, ಮನೆಯವರು ನಕ್ಕರೂ ಸರಿ. ಜಾಗ ಎರಡು ಉಳಿದಾಗಲೇ ಮುಂದಿನ ಮನೆ ಶುರುವಾಗಿರಬೇಕು. ಒಂದು ಎಚ್ಚರಿಕೆ: ಟೌನ್ ಸೆಂಟರ್ ನಿಲ್ಲಬಾರದು ಎಂದು ಒಮ್ಮೆಗೇ ಐದು ವಿಲೇಜರ್ ಸಾಲು ಹಾಕಬೇಡಿ. ಸಾಲು ಹಾಕಿದ ಕ್ಷಣವೇ ಐವರ ದುಡ್ಡೂ ಖಾತೆಯಿಂದ ಕಡಿತವಾಗುತ್ತದೆ, ಹುಟ್ಟುವುದು ಮಾತ್ರ ಒಬ್ಬೊಬ್ಬರೇ. ಕಾಯುವ ನಾಲ್ವರ 200 ಆಹಾರ ಸುಮ್ಮನೆ ಅಡ್ವಾನ್ಸ್ ಕೊಟ್ಟು ಕೂತಂತೆ. ಒಬ್ಬ ಒಳಗೆ, ಒಬ್ಬ ಸಾಲಿನಲ್ಲಿ, ಸಾಕು.

ಇದನ್ನು ಅಭ್ಯಾಸ ಮಾಡುವುದು ಹೀಗೆ. ಒಬ್ಬರೇ ಆಡುವ ಆಟದಲ್ಲಿ ವೇಗವನ್ನು 'ಸ್ಲೋ'ಗೆ ಇಳಿಸಿ, ಎದುರಾಳಿ ಕಂಪ್ಯೂಟರ್ 'ಈಸಿಯೆಸ್ಟ್'. ಸೈನ್ಯದ ಯೋಚನೆ ಬೇಡ. ಆಟ ಹದಿನೈದನೇ ನಿಮಿಷ ಮುಟ್ಟಿದಾಗ ನಿಲ್ಲಿಸಿ, ವಿಲೇಜರ್ ಎಷ್ಟೆಂದು ಬರೆದಿಡಿ, ಈಗಾಗಲೇ ಮಾಡಿದ ಹಾಗೆ. ಗೆಲ್ಲುವುದು, ಸೋಲುವುದು ಲೆಕ್ಕಕ್ಕಿಲ್ಲ. ಆ ಸಂಖ್ಯೆ 17ರಿಂದ 24ಕ್ಕೆ ಬಂದರೆ 'ಮಾಡರೇಟ್' ಮಟ್ಟದ ಕಂಪ್ಯೂಟರ್ ನಿಮಗೆ ಹಗುರ ಅನಿಸತೊಡಗುತ್ತದೆ, 28 ದಾಟಿದರೆ ವೇಗವನ್ನು ನಾರ್ಮಲ್‌ಗೆ ಏರಿಸಿ. ಏರಿಸಿದ ಮೊದಲ ದಿನ ಮತ್ತೆ 20ಕ್ಕೆ ಬೀಳುತ್ತೀರಿ, ಗಾಬರಿ ಬೇಡ. ಇದೇ ಆಟದಲ್ಲಿ 'ಆರ್ಟ್ ಆಫ್ ವಾರ್' ಎಂಬ ಪಾಠಗಳಿವೆ. ಅದರಲ್ಲಿ ಶುರುವಿನ ಆರ್ಥಿಕತೆಯ ಪಾಠವನ್ನು ಕಂಚಿನ ಪದಕ ಬರುವವರೆಗೆ ಮಾಡಿ. ಚಿನ್ನದ ಬೆನ್ನು ಹತ್ತಬೇಡಿ, ಅದು ಹಟ ಹಿಡಿಸುವ ವ್ಯವಹಾರ. ವಿಲಿಯಂ ವ್ಯಾಲೇಸ್ ಅಭಿಯಾನ ಕಲಿಯುವವರಿಗೇ ಮಾಡಿದ್ದು; ಒಂದು ಭಾನುವಾರಕ್ಕೆ ಚೆನ್ನ, ಆದರೆ ಅದು ಟೌನ್ ಸೆಂಟರ್ ನಡೆಸುವ ಶಿಸ್ತು ಕಲಿಸುವುದಿಲ್ಲ.

ಈಗ ಅಳಿಯನ ಕುದುರೆಗಳು. ಫ್ಯೂಡಲ್ ಏಜ್‌ನಲ್ಲಿ ಸ್ಕೌಟ್ ಕುದುರೆಗೆ 80 ಆಹಾರ. ಅದನ್ನು ತಿವಿಯುವ ಸ್ಪಿಯರ್‌ಮನ್‌ಗೆ 35 ಆಹಾರ, 25 ಕಟ್ಟಿಗೆ. ಬಂಗಾರವೇ ಬೇಡ. ಈಟಿಯವನು ಕುದುರೆಗೆ ಮಾಮೂಲಿಗಿಂತ ಎಷ್ಟೋ ಪಟ್ಟು ಪೆಟ್ಟು ಕೊಡುತ್ತಾನೆ. ಬ್ಯಾರಕ್ಸ್‌ಗೆ 175 ಕಟ್ಟಿಗೆ. ನಿಮ್ಮ 1,140ರಲ್ಲಿ ಬ್ಯಾರಕ್ಸ್, ಎಂಟು ಫಾರ್ಮ್, ಆರು ಈಟಿಯವರ ಕಟ್ಟಿಗೆ ಎಲ್ಲ ಕಳೆದರೂ 335 ಉಳಿಯುತ್ತಿತ್ತು! ಆ ಆರು ಜನರನ್ನು ಊರ ಹೊರಗೆ ಕಳಿಸಬೇಡಿ. ಕಟ್ಟಿಗೆಯವರ ಹತ್ತಿರ ಮೂವರು, ಹಣ್ಣು ಅಥವಾ ಬಂಗಾರದವರ ಹತ್ತಿರ ಮೂವರು. ಕುದುರೆ ಈಟಿಗಿಂತ ವೇಗ, ಬೆನ್ನಟ್ಟಿದರೆ ಸಿಗುವುದಿಲ್ಲ. ಅಲ್ಲೇ ಕಾಯ್ದು ನಿಲ್ಲಬೇಕು. ಅವನು ಬಿಲ್ಲಿನವರನ್ನು ತಂದರೆ ಈಟಿಯವರು ನಿಂತಲ್ಲೇ ಸಾಯುತ್ತಾರೆ, ಆಗ ಭರ್ಜಿ ಎಸೆಯುವ ಸ್ಕರ್ಮಿಷರ್, ಅದಕ್ಕೂ ಬಂಗಾರ ಬೇಡ. ಏನು ತರುತ್ತಿದ್ದಾನೆಂದು ತಿಳಿಯಲು ನಿಮ್ಮ ಸ್ಕೌಟ್ ಅನ್ನು ಅವನ ಊರ ಹತ್ತಿರ ಒಮ್ಮೆ ಓಡಿಸಿ. ಕುದುರೆ ಲಾಯ ಕಂಡರೆ ಈಟಿ, ಬಿಲ್ಲುಗಾರರ ಕಟ್ಟಡ ಕಂಡರೆ ಸ್ಕರ್ಮಿಷರ್.

ಇಬ್ಬರು ಕುದುರೆಯವರು ಬಂದರೆಂದು ಟೌನ್ ಬೆಲ್ ಬಾರಿಸಬೇಡಿ. ಗಂಟೆ ಹೊಡೆದರೆ ಇಡೀ ಊರೇ ಕೆಲಸ ಬಿಟ್ಟು ಒಳಗೆ ಓಡುತ್ತದೆ, ಇಪ್ಪತ್ತು ಸೆಕೆಂಡ್ ಮೂವತ್ತು ಜನರ ದುಡಿಮೆ ಹೋಯಿತು. ಅವನಿಗೆ ಬೇಕಾದದ್ದೂ ಅದೇ. ಯಾರ ಮೇಲೆ ಬಿದ್ದಿದ್ದಾರೋ ಆ ನಾಲ್ವರನ್ನು ಮಾತ್ರ ಒಳಗೆ ಕಳಿಸಿ. ಅತ್ಯಂತ ಕಷ್ಟದ ಪಾಠ ಇದು: ಜಗಳ ನಡೆಯುವಾಗ ಕಣ್ಣು ಅಲ್ಲೇ ನೆಟ್ಟುಹೋಗುತ್ತದೆ. ಅರ್ಧ ನಿಮಿಷ ಕತ್ತಿವರಸೆ ನೋಡುತ್ತಾ ಕೂತರೆ ಟೌನ್ ಸೆಂಟರ್ ಮತ್ತೆ ಖಾಲಿ. ಈಟಿಯವರನ್ನು ಕಂಟ್ರೋಲ್ ಹಿಡಿದು 1 ಒತ್ತಿ ಗುಂಪು ಮಾಡಿ, ಮುಂದೆ 1 ಒತ್ತಿದಾಗೆಲ್ಲ ಅವರು ಸಿಗುತ್ತಾರೆ. ದಾಳಿಗೆ ಬಿಟ್ಟು ತಕ್ಷಣ ಎಚ್, ಕ್ಯೂ. ಆಮೇಲೆ ಜಗಳಕ್ಕೆ ವಾಪಸ್.

ಅವನ ಮೊದಲ ದಾಳಿ ತಡೆದರೆ ನೀವೂ ದಾಳಿ ಮಾಡಬೇಕಲ್ಲ. ಒಂದೇ ಯೋಜನೆ ಇಟ್ಟುಕೊಳ್ಳಿ: ಮೂರನೇ ಯುಗವಾದ ಕ್ಯಾಸಲ್ ಏಜ್, ಎರಡು ಕುದುರೆ ಲಾಯ, ನೈಟ್ ಎಂಬ ಬಲವಾದ ಕುದುರೆ ಸವಾರರು. ಕ್ಯಾಸಲ್ ಏಜ್‌ಗೆ ಏರಲು 800 ಆಹಾರ, 200 ಬಂಗಾರ, ಜೊತೆಗೆ ಫ್ಯೂಡಲ್‌ನ ಎರಡು ಕಟ್ಟಡ ಬೇಕು. ನೈಟ್‌ಗೆ 60 ಆಹಾರ, 75 ಬಂಗಾರ. ಬಂಗಾರಕ್ಕೆ ಜನ ಹಾಕುವ ಹೊತ್ತು ಇದು, ಐದನೇ ನಿಮಿಷ ಅಲ್ಲ.

ಇದಕ್ಕೆ ಫ್ರಾಂಕ್ಸ್ ಎಂಬ ನಾಗರಿಕತೆ ತೆಗೆದುಕೊಳ್ಳಿ. ಅವರ ಫಾರ್ಮ್ ಸುಧಾರಣೆಗಳು ಪುಕ್ಕಟೆ, ಕುದುರೆಗಳಿಗೆ ಜೀವ ಹೆಚ್ಚು, ಹಣ್ಣು ಕೀಳುವವರು ಚುರುಕು. 2022ರಲ್ಲಿ ಬಂದ 'ಡೈನಾಸ್ಟೀಸ್ ಆಫ್ ಇಂಡಿಯಾ' ಕಂತಿನಲ್ಲಿ ದ್ರವಿಡಿಯನ್ಸ್ ಇದ್ದಾರೆ, ನಮ್ಮವರು ಎಂಬ ಅಭಿಮಾನಕ್ಕೆ ಎಲ್ಲರೂ ಮೊದಲು ಅದನ್ನೇ ಒತ್ತುತ್ತಾರೆ. ಅವರಿಗೆ ನೈಟ್ ಇಲ್ಲ. ಅಭಿಮಾನ ಆರು ತಿಂಗಳ ಮೇಲೆ ತೋರಿಸಿದರಾಯಿತು. ಮೂರು ತಿಂಗಳು ಒಂದೇ ನಾಗರಿಕತೆ, ಒಂದೇ ನಕ್ಷೆ ಆಡಿ. ದಿನಕ್ಕೊಂದು ಬದಲಿಸುವವರು ಕಲಿಯುವುದು ಬದಲಿಸುವುದನ್ನಷ್ಟೇ.

ಸೋತ ಆಟಗಳನ್ನು ಅಳಿಸಬೇಡಿ. ಆಟ ತಾನಾಗಿಯೇ ರೆಕಾರ್ಡ್ ಆಗಿರುತ್ತದೆ. ಅಳಿಯನ ಜೊತೆ ಸೋತ ಆಟವನ್ನು ಅವನ ಕಡೆಯಿಂದ ನೋಡಿ, ಎಂಟನೇ ನಿಮಿಷಕ್ಕೆ ಅವನ ವಿಲೇಜರ್ ಎಷ್ಟು, ನಿಮ್ಮವರು ಎಷ್ಟು ಎಂದು ಮಾತ್ರ. ಯೂಟ್ಯೂಬಿನಲ್ಲಿ ದೊಡ್ಡವರ ಪಂದ್ಯ ನೋಡುವುದಕ್ಕಿಂತ ಇದರಿಂದ ಹತ್ತು ಪಾಲು ಲಾಭ. ದೊಡ್ಡವರ ಪಂದ್ಯ ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಮನೆಯವರ ವಿಷಯ. ರಮ್ಮಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಪಣ ಕಟ್ಟುವುದಿಲ್ಲ, ಒಮ್ಮೆ ಕೊಂಡರೆ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆ ಮಾಡಿದಾಗ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಇಟ್ಟಿತು. ಅದನ್ನು ಅವರಿಗೆ ಹೇಳಿ. ಆದರೆ ಒಂದು ಆಟ ಮುಕ್ಕಾಲು ಗಂಟೆ ಎಳೆಯಬಹುದು, ಮಧ್ಯದಲ್ಲಿ 'ಬಂದೆ ಬಂದೆ' ಎಂದು ಊಟ ಆರಿಸುವುದು ಸರಿಯಲ್ಲ. ಒಬ್ಬರೇ ಆಡುವಾಗ ಎಫ್3 ಒತ್ತಿದರೆ ಆಟ ನಿಲ್ಲುತ್ತದೆ. ಮಾತು ಬಿಟ್ಟವರು ಮತ್ತೆ ಮಾತಾಡಲು ಈ ಕೀಲಿ ಕಾಯ್ದೆಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಲ್ಯಾಪ್‌ಟಾಪ್‌ನ ವಿವರ ನೀವು ಬರೆದಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಆಟ ತೆರೆಯುತ್ತದೆ, 8 ಇದ್ದರೆ ಸುಖ. ಟಚ್‌ಪ್ಯಾಡ್‌ನಲ್ಲಿ ಈ ಆಟ ಆಗದ ಮಾತು, ತಂತಿ ಇರುವ ಸಾದಾ ಮೌಸ್ ತನ್ನಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು ಆಡಿದರೆ ಗಾಳಿ ಕಿಂಡಿ ಮುಚ್ಚಿ ಕಾದು, ಜಗಳದ ಹೊತ್ತಿಗೇ ತಡವರಿಸುತ್ತದೆ. ಮೇಜಿನ ಮೇಲಿಡಿ.

ಮಿಲ್ಲಿನ ಹಳೇ ಕಂಪ್ಯೂಟರ್‌ನಲ್ಲೂ ಆಡಬೇಕೆಂಬ ಆಸೆ ಇದ್ದರೆ (ಮಾಲೀಕರು ಒಪ್ಪಿದರೆ) '0 ಎ.ಡಿ.' ಎಂಬ ಆಟ ಪೂರ್ತಿ ಪುಕ್ಕಟೆ, ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಅದರಲ್ಲಿ ಮೌರ್ಯರಿದ್ದಾರೆ. ನಿಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ, ಅಶೋಕನ ಹೆಸರೇ ಇರುವ ಶಾಸನದವರು. ಅಲ್ಲಿ ಮೌರ್ಯರಿಗೆ ಕೆಲಸದ ಆನೆ ಸಿಗುತ್ತದೆ, ಕಟ್ಟಿಗೆ ತಂದು ಸುರಿಯಲು ಕ್ಯಾಂಪ್ ಬೇಡ, ಆನೆಯೇ ಕಾಡಿನ ಹತ್ತಿರ ಹೋಗಿ ನಿಲ್ಲುತ್ತದೆ. ಸ್ಟಾರ್‌ಕ್ರಾಫ್ಟ್ 2 ಕೂಡ 2017ರ ನವೆಂಬರ್‌ನಿಂದ ಉಚಿತ. ಆದರೆ ಅದರ ಓಟ ಜೋರು, ಸಂಕ್ರಾಂತಿ ಆದಮೇಲೆ ನೋಡಿ. ಫೋನ್‌ನಲ್ಲಿ ಏಜ್ ಆಫ್ ಎಂಪೈರ್ಸ್ ಹೆಸರಿನ ಆಟ ಕಂಡರೆ ಅದು ಇದೇ ಎಂದು ಹಾಕಿಕೊಳ್ಳಬೇಡಿ. ಹೆಸರೊಂದೇ, ಆಡುವ ರೀತಿ ಪೂರ್ತಿ ಬೇರೆ, ಅಲ್ಲಿ ಕಲಿತದ್ದು ಅಳಿಯನ ಎದುರು ಉಪಯೋಗಕ್ಕೆ ಬರುವುದಿಲ್ಲ.